ಪೊಲೀಸರು ಕೈ ತೋರಿಸಿದಾಗ ನಿಲ್ಲಿಸದಿದ್ದರೆ ಏನಾಗುತ್ತದೆ?



ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ದ್ವಿತೀಯ ಪಿಯುಸಿಯ ಹುಡುಗನೊಬ್ಬ ಕಾಲೇಜು ಬಿಟ್ಟು ಅಣ್ಣನ ಬೈಕಿನಲ್ಲಿ ಮನೆಗೆ ಹೊರಟಿದ್ದಾನೆ. ವಯಸ್ಸು 17. ಲೈಸೆನ್ಸ್ ಇಲ್ಲ, ಹೆಲ್ಮೆಟ್ ಇಲ್ಲ. ಹಿಂದೆ ಗೆಳೆಯ ಕುಳಿತಿದ್ದಾನೆ. ತಿರುವಿನಲ್ಲಿ ಪೊಲೀಸರು ಕೈ ತೋರಿಸುತ್ತಾರೆ. “ನಿಲ್ಲಿಸಬೇಡ, ಗಾಡಿ ತಿರುಗಿಸು” ಎನ್ನುತ್ತಾನೆ ಗೆಳೆಯ. ಆ ಎರಡು ಕ್ಷಣದ ತೀರ್ಮಾನಕ್ಕೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯೋಣ.

ಚಾಲಕನ ಕರ್ತವ್ಯ

1988ರ ಮೋಟಾರು ವಾಹನ ಕಾಯ್ದೆಯ 119ನೇ ಕಲಂ ಪ್ರಕಾರ, ಸಂಚಾರ ನಿಯಂತ್ರಿಸುತ್ತಿರುವ ಪೊಲೀಸರ ಸೂಚನೆಯನ್ನು ಪ್ರತಿಯೊಬ್ಬ ಚಾಲಕನೂ ಪಾಲಿಸಬೇಕು. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಬೇಕು ಎನ್ನುತ್ತದೆ 130ನೇ ಕಲಂ. ಡಿಜಿಲಾಕರ್‌ನಲ್ಲಿರುವ ದಾಖಲೆಯೂ ನಡೆಯುತ್ತದೆ.

ಶಿಕ್ಷೆ ಹೇಗೆ ಏರುತ್ತದೆ?

1. ಕಾನೂನುಬದ್ಧ ಸೂಚನೆಯನ್ನು ಬೇಕೆಂದೇ ಮೀರಿದರೆ 179ನೇ ಕಲಂ ಅಡಿಯಲ್ಲಿ 2,000 ರೂಪಾಯಿವರೆಗೆ ದಂಡ. 2019ರ ತಿದ್ದುಪಡಿಗೆ ಮೊದಲು ಇದು 500 ರೂಪಾಯಿ ಇತ್ತು.

2. ತಪ್ಪಿಸಿಕೊಳ್ಳಲು ಎದುರು ದಿಕ್ಕಿನಲ್ಲಿ ನುಗ್ಗಿದರೆ, ಸಿಗ್ನಲ್ ಹಾರಿಸಿದರೆ ಅದು 184ನೇ ಕಲಂನ ಅಪಾಯಕಾರಿ ಚಾಲನೆ ಆಗಬಹುದು. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ.

3. ಯಾರಿಗಾದರೂ ಡಿಕ್ಕಿ ಹೊಡೆದು ನಿಲ್ಲಿಸದೆ, ಗಾಯಾಳುವಿಗೆ ಚಿಕಿತ್ಸೆ ಕೊಡಿಸದೆ ಹೋದರೆ 187ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

4. ತಡೆಯಲು ಬಂದ ಪೊಲೀಸರ ಮೇಲೆಯೇ ವಾಹನ ನುಗ್ಗಿಸಿದರೆ ವಿಷಯ ಭಾರತೀಯ ನ್ಯಾಯ ಸಂಹಿತೆಗೆ ಹೋಗುತ್ತದೆ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಬಲಪ್ರಯೋಗದಿಂದ ಅಡ್ಡಿಪಡಿಸಿದರೆ 2 ವರ್ಷದವರೆಗೆ ಜೈಲು. ಕೊಲ್ಲುವ ಉದ್ದೇಶ ಸಾಬೀತಾದರೆ ಕೊಲೆಯತ್ನದ ಅಪರಾಧವಾಗಿ 10 ವರ್ಷದವರೆಗೆ, ಗಾಯವಾಗಿದ್ದರೆ ಜೀವಾವಧಿಯವರೆಗೂ ಶಿಕ್ಷೆ ಆಗಬಹುದು.

ಹೆಲ್ಮೆಟ್ ಇಲ್ಲದ್ದಕ್ಕೆ ಕಾಯ್ದೆಯಲ್ಲಿರುವ ದಂಡ 1,000 ರೂಪಾಯಿ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ. ಇಷ್ಟಕ್ಕೆ ಹೆದರಿ ಓಡಿದವನು ಯಾವ ಮೆಟ್ಟಿಲಿನವರೆಗೆ ಹೋಗಿಬಿಡಬಹುದು, ನೀವೇ ನೋಡಿ.

ಓಡಿದರೆ ತಪ್ಪಿಸಿಕೊಳ್ಳಬಹುದೇ?

ಇಲ್ಲ. ನಂಬರ್ ಪ್ಲೇಟ್ ಅಲ್ಲೇ ಉಳಿಯುತ್ತದೆ, ಪೊಲೀಸರ ಪುಸ್ತಕದಲ್ಲೋ ಕ್ಯಾಮೆರಾದಲ್ಲೋ. ಅಂದು ಗಾಡಿ ಓಡಿಸಿದವರು ಯಾರೆಂದು ಮಾಲೀಕರು ಹೇಳಲೇಬೇಕು ಎನ್ನುತ್ತದೆ 133ನೇ ಕಲಂ.

ನಮ್ಮ ಹುಡುಗನಿಗೆ ಇನ್ನೂ ದೊಡ್ಡ ಸಂಗತಿಯೊಂದಿದೆ. 199ಎ ಕಲಂ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತಮಗೆ ಗೊತ್ತಿಲ್ಲದೆ ನಡೆಯಿತು ಅಥವಾ ತಡೆಯಲು ಎಲ್ಲ ಎಚ್ಚರ ವಹಿಸಿದ್ದೆವು ಎಂದು ಸಾಬೀತುಪಡಿಸಿದರೆ ಮಾತ್ರ ಅವರು ಪಾರಾಗುತ್ತಾರೆ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕೋರ್ಟಿನಲ್ಲಿ ನಿಲ್ಲಬೇಕಾದವರು ಕಷ್ಟಪಟ್ಟು ಫೀಸು ಕಟ್ಟಿದ ತಂದೆ, ಕಂತಿನಲ್ಲಿ ಬೈಕ್ ಕೊಂಡ ಅಣ್ಣ.

ಪೊಲೀಸರಿಗೂ ಮಿತಿಯಿದೆ

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ತಡೆದ ಬೈಕ್ ಉರುಳಿ, ಆಸ್ಪತ್ರೆಗೆ ಒಯ್ಯುತ್ತಿದ್ದ ಪುಟ್ಟ ಮಗುವೊಂದು ಸತ್ತುಹೋಯಿತು. ಮೂವರು ಎಎಸ್‌ಐಗಳು ಅಮಾನತಾದರು. ವಾಹನಕ್ಕೆ ಹಠಾತ್ತನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಎಂಬ ಸೂಚನೆ ಬಳಿಕ ಹೊರಬಂತು. ಅಧಿಕಾರಿ ತಪ್ಪು ಮಾಡಿದರೆ ಮೇಲಧಿಕಾರಿಗೆ ಲಿಖಿತ ದೂರು ಕೊಡಿ, ದಂಡ ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸಿ. ಆದರೆ ವೇಗ ಹೆಚ್ಚಿಸುವುದು ಉತ್ತರವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಇಂಡಿಕೇಟರ್ ಹಾಕಿ, ವೇಗ ತಗ್ಗಿಸಿ, ಎಡಬದಿಗೆ ನಿಲ್ಲಿಸಿ. ಎಂಜಿನ್ ಆರಿಸಿ. ಗೌರವದಿಂದ ಮಾತನಾಡಿ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ಹಿಂದೆ ಕುಳಿತವರಾದರೆ “ಓಡಿಸು” ಎನ್ನಬೇಡಿ, “ನಿಲ್ಲಿಸು” ಎನ್ನಿ. ಅದಕ್ಕೂ ಮೊದಲು, ಲೈಸೆನ್ಸ್ ಬರುವವರೆಗೆ ಬಸ್ಸಿನಲ್ಲೇ ಬನ್ನಿ.

ಅಭ್ಯಾಸ

1. 119 ಮತ್ತು 179ನೇ ಕಲಂಗಳ ನಡುವಿನ ಸಂಬಂಧವೇನು?
2. ಮೇಲಿನ ಹುಡುಗ ನಿಲ್ಲಿಸಿದರೆ ಮತ್ತು ಓಡಿದರೆ ಯಾರು ಯಾರಿಗೆ ಏನೇನು ತೊಂದರೆ? ಪಟ್ಟಿ ಮಾಡಿ, ಮನೆಯವರೊಂದಿಗೆ ಚರ್ಚಿಸಿ.