ವಿಯೆನ್ನಾ ನಗರದ ರಾಜಭಂಡಾರ

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರದ ನಡುವೆ ಹೋಫ್‌ಬುರ್ಗ್ ಎಂಬ ವಿಸ್ತಾರವಾದ ಅರಮನೆಯುಂಟು. 1918ರವರೆಗೆ ಅದು ಹ್ಯಾಬ್ಸ್‌ಬರ್ಗ್ ವಂಶದ ಅರಸರ ನಿವಾಸವಾಗಿದ್ದಿತು. ಆ ಅರಮನೆಯ ಅತ್ಯಂತ ಪ್ರಾಚೀನವಾದ ಭಾಗಕ್ಕೆ ‘ಸ್ವಿಸ್ ಅಂಗಳ’ವೆಂದು ಹೆಸರು. 1552ರಲ್ಲಿ ನಿರ್ಮಿತವಾದ ಕೆಂಪುಬಣ್ಣದ ಮಹಾದ್ವಾರವನ್ನು ದಾಟಿ ಆ ಅಂಗಳವನ್ನು ಹೊಕ್ಕವನಿಗೆ ರಾಜಭಂಡಾರದ ಪ್ರವೇಶ ದೊರೆಯುತ್ತದೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಶಾಟ್ಸ್‌ಕಾಮರ್’ ಎನ್ನುವರು. ನಿಧಿಯ ಕೋಣೆ ಎಂಬುದೇ ಆ ಪದದ ಅರ್ಥ. ಇಪ್ಪತ್ತೊಂದು ಕೋಣೆಗಳಲ್ಲಿ ಹರಡಿಕೊಂಡಿರುವ ಈ ಭಂಡಾರದಲ್ಲಿ ಎರಡು ವಿಭಾಗಗಳಿವೆ. ಒಂದು ಲೌಕಿಕ ಭಂಡಾರ. ಅಲ್ಲಿ ಕಿರೀಟ, ರಾಜದಂಡ, ಖಡ್ಗ, ರತ್ನಾಭರಣಗಳು. ಮತ್ತೊಂದು ಧಾರ್ಮಿಕ ಭಂಡಾರ; ಅಲ್ಲಿ ಪೂಜಾಪಾತ್ರೆಗಳು, ಯಾಜಕರ ಉಡುಪುಗಳು, ಸಂತರ ಅವಶೇಷಗಳನ್ನಿಟ್ಟ ಕರಂಡಕಗಳು. ಆದರೆ ಈ ವಿಭಾಗ ಕೇವಲ ಸೌಕರ್ಯಕ್ಕಾಗಿ ಮಾಡಿದ್ದು. ರಾಜತ್ವವೆಲ್ಲಿ ಮುಗಿಯಿತು, ಧರ್ಮವೆಲ್ಲಿ ತೊಡಗಿತು ಎಂದು ಗೆರೆ ಎಳೆಯುವುದು ಆ ಭಂಡಾರದೊಳಗೆ ನಿಂತವನಿಗೆ ಸುಲಭಸಾಧ್ಯವಲ್ಲ.

ವಿದೇಶಯಾತ್ರೆಯನ್ನು ಕೈಗೊಳ್ಳುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇಲ್ಲಿಗೆ ಹೋಗಿಬಂದಿರಬಹುದು. ಹೋಗಿಬಂದವರು ಸಾಮಾನ್ಯವಾಗಿ ಹೇಳುವುದು ರತ್ನಗಳ ತೂಕವನ್ನೇ. ಅದು ಸಹಜ. 2680 ಕ್ಯಾರೆಟ್ ತೂಗುವ ಒಂದೇ ಪಚ್ಚೆಯನ್ನು ಕೊರೆದು 1641ರಲ್ಲಿ ಪ್ರಾಗ್ ನಗರದ ದಿಯೊನೀಸಿಯೊ ಮಿಸೆರೋನಿ ಎಂಬ ಶಿಲ್ಪಿ ಮಾಡಿದ ಪುಟ್ಟ ಪಾತ್ರೆಯೊಂದು ಅಲ್ಲಿದೆ. ಅದನ್ನು ಕಂಡು ಬೆರಗಾಗದವರುಂಟೆ? ಇನ್ನೊಂದು ರತ್ನವನ್ನು ಅಲ್ಲಿ ಕಾಣದೆಯೇ ಜನ ನೆನೆಯುತ್ತಾರೆ. 137 ಕ್ಯಾರೆಟ್ಟಿಗೂ ಮಿಗಿಲಾದ, ಹಳದಿ ಛಾಯೆಯ ‘ಫ್ಲಾರೆಂಟೈನ್’ ವಜ್ರ ಅದು. ಭಾರತದ ಗಣಿಯಿಂದ ಹೋದದ್ದೆಂದು ಪ್ರತೀತಿ. 1918ರಲ್ಲಿ ರಾಜಮನೆತನದ ಖಾಸಗಿ ಆಭರಣಗಳೊಡನೆ ಅದು ಈ ಭಂಡಾರದಿಂದ ಹೊರಬಿದ್ದಿತು. ಕಳೆದೇಹೋಯಿತೆಂದು ಲೋಕವು ನೂರು ವರ್ಷ ನಂಬಿದ್ದಿತು. ಕೆನಡಾದ ಬ್ಯಾಂಕೊಂದರ ಭದ್ರಕೋಣೆಯಲ್ಲಿ ತಮ್ಮ ಬಳಿಯೇ ಇದೆಯೆಂದು ಆ ಮನೆತನದವರು 2025ರ ನವೆಂಬರಿನಲ್ಲಿ ತಿಳಿಸಿದರು.

ಇವೆಲ್ಲ ಕುತೂಹಲದ ಮಾತುಗಳು. ಆದರೆ ಕ್ಯಾರೆಟ್ಟಿನ ಲೆಕ್ಕದಲ್ಲಿಯೇ ನಿಂತ ನೋಟವು ಕಾವ್ಯದ ವಾಚ್ಯಾರ್ಥದಲ್ಲಿಯೇ ನಿಂತ ಓದಿನಂತೆ. ಆಲಂಕಾರಿಕರು ಶಬ್ದಕ್ಕೆ ವಾಚ್ಯ, ಲಕ್ಷ್ಯ, ವ್ಯಂಗ್ಯವೆಂಬ ಮೂರು ಅರ್ಥಗಳನ್ನು ಹೇಳಿದರಷ್ಟೆ. ಈ ಭಂಡಾರದ ಮುಖ್ಯ ವಸ್ತುಗಳಿಗೂ ಆ ಮೂರು ಪದರಗಳಿವೆ.

ಮೊದಲಿಗೆ ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟವನ್ನೇ ನೋಡಬಹುದು. ಇದು 10ನೆಯ ಶತಮಾನದ ಉತ್ತರಾರ್ಧದ್ದೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಕಿರೀಟವೆಂದೊಡನೆ ನಮ್ಮ ಕಣ್ಣಮುಂದೆ ಮೂಡುವ ದುಂಡನೆಯ ಆಕಾರ ಇದಕ್ಕಿಲ್ಲ. ಎಂಟು ಚಿನ್ನದ ಫಲಕಗಳನ್ನು ಕೀಲುಗಳಿಂದ ಜೋಡಿಸಿ ಮಾಡಿದ ಅಷ್ಟಕೋನಾಕೃತಿ ಇದರದು. ನಾಲ್ಕು ಫಲಕಗಳಲ್ಲಿ ಮುತ್ತುರತ್ನಗಳು, ಉಳಿದ ನಾಲ್ಕರಲ್ಲಿ ಎನಾಮೆಲ್ ಚಿತ್ರಗಳು. ಚಿತ್ರಗಳಲ್ಲಿ ಮೂರು ಬೈಬಲ್ಲಿನ ಹಳೆಯ ಒಡಂಬಡಿಕೆಯ ರಾಜರವು: ನ್ಯಾಯಕ್ಕೆ ದಾವೀದ, ವಿವೇಕಕ್ಕೆ ಸೊಲೊಮೋನ, ಮೂರನೆಯವನು ಪ್ರವಾದಿ ಯೆಶಾಯನ ಮಾತಿನಿಂದ ಆಯುಸ್ಸನ್ನು ಮರಳಿ ಪಡೆದ ಹಿಜ್ಕೀಯ. ನಾಲ್ಕನೆಯ ಚಿತ್ರ ದೇವದೂತರ ನಡುವೆ ಕುಳಿತ ಕ್ರಿಸ್ತನದು. ಅರಸರ ಆಳ್ವಿಕೆಯೆಲ್ಲ ತನ್ನಿಂದಲೇ ನಡೆಯುವುದೆಂಬ ಅರ್ಥದ ಬರಹ ಅದರ ಮೇಲಿದೆ. ಹಣೆಯ ಫಲಕದಲ್ಲಿಯೂ ಹಿಂದಲೆಯ ಫಲಕದಲ್ಲಿಯೂ ಹನ್ನೆರಡು ಹನ್ನೆರಡು ದೊಡ್ಡ ಕಲ್ಲುಗಳಿವೆ. ಯೆಹೂದ್ಯರ ಮಹಾಯಾಜಕನು ಧರಿಸುತ್ತಿದ್ದ ಎದೆಪದಕದ ಹನ್ನೆರಡು ಮಣಿಗಳನ್ನೂ ಕ್ರಿಸ್ತನ ಹನ್ನೆರಡು ಶಿಷ್ಯರನ್ನೂ ಅವು ನೆನಪಿಗೆ ತರುತ್ತವೆ.

ರತ್ನಗಳನ್ನು ಕೂರಿಸಿದ ಬಗೆಯೂ ಗಮನಾರ್ಹ. ಈಗಿನ ಕಾಲದ ವಜ್ರಗಳಂತೆ ಅವು ಮೂಲೆಮೂಲೆಯಾಗಿ ಕತ್ತರಿಸಿದವಲ್ಲ; ಸಾಣೆ ಹಿಡಿದು ನುಣುಪು ಮಾಡಿದ ಉರುಟು ಕಲ್ಲುಗಳು. ನಮ್ಮ ನಾಡಿನ ಕುಂದಣದ ಕೆಲಸದಲ್ಲಿ ಕಲ್ಲಿನ ಹಿಂದೆ ಹೊಳೆಯುವ ತಗಡನ್ನಿಟ್ಟು ಬೆಳಕನ್ನು ಮುಂದಕ್ಕೆ ಮರಳಿಸುವರು. ಇಲ್ಲಿ ಹಾಗಲ್ಲ. ಚಿನ್ನದ ಫಲಕವನ್ನೇ ತೂತು ಕೊರೆದು, ಆ ತೂತಿನಲ್ಲಿ ಕಲ್ಲನ್ನು ತಂತಿಯ ಹಿಡಿತದಿಂದ ನಿಲ್ಲಿಸಿದ್ದಾರೆ. ಹಿಂದಿನಿಂದ ಬಂದ ಬೆಳಕು ಕಲ್ಲನ್ನು ಹಾಯ್ದು ಹೊರಹೊಮ್ಮುತ್ತದೆ. ಕಲ್ಲು ಒಳಗಿನಿಂದ ಬೆಳಗುವಂತೆ ತೋರಬೇಕೆಂಬುದು ಆ ಕುಶಲಿಯ ಸಂಕಲ್ಪವಾಗಿದ್ದಿರಬೇಕು. ಕ್ರೈಸ್ತರ ಗ್ರಂಥದಲ್ಲಿ ವರ್ಣಿತವಾದ, ರತ್ನಮಯವಾದ ಸ್ವರ್ಗೀಯ ಯೆರೂಸಲೇಮ್ ನಗರಿಯನ್ನೇ ಅರಸನು ತಲೆಯ ಮೇಲೆ ಹೊತ್ತಂತೆ ಎಂಬುದು ಇದರ ವ್ಯಂಗ್ಯಾರ್ಥ. ಇದನ್ನು ತಿಳಿಯದವನಿಗೆ ಅದೊಂದು ಒರಟು ಕೆಲಸದ ಹಳೆಯ ಒಡವೆಯಾಗಿ ಕಂಡೀತು. ಪಕ್ಕದ ಕೋಣೆಗಳಲ್ಲಿ 1602ರಲ್ಲಿ ಎರಡನೆಯ ರುಡಾಲ್ಫನಿಗಾಗಿ ಮಾಡಿದ ಕಿರೀಟವಿದೆ. ಕೈಗೆಲಸದ ನಯದಲ್ಲಿ ಅದು ಇದಕ್ಕಿಂತ ಎಷ್ಟೋ ಮಿಗಿಲು. 1804ರಲ್ಲಿ ಅದೇ ಆಸ್ಟ್ರಿಯಾ ಸಾಮ್ರಾಜ್ಯದ ಲಾಂಛನವಾಯಿತು. ಆದರೆ ಆಸ್ಟ್ರಿಯಾದ ಯಾವ ಚಕ್ರವರ್ತಿಗೂ ಅದರಿಂದ ಪಟ್ಟಾಭಿಷೇಕವಾಗಲಿಲ್ಲ. ಅಂದವಿದ್ದೂ ಅರ್ಥ ಅಷ್ಟಕ್ಕಷ್ಟೆ.

ಪಟ್ಟಾಭಿಷೇಕದ ನಿಲುವಂಗಿಯನ್ನು ನೋಡಿದವರಿಗೆ ಮತ್ತೊಂದು ಅಚ್ಚರಿ ಕಾದಿರುತ್ತದೆ. ಕೆಂಪು ರೇಷ್ಮೆಯ ಅರ್ಧವೃತ್ತಾಕಾರದ ಆ ವಸ್ತ್ರದ ನಡುವೆ ಚಿನ್ನದೆಳೆಯ ಒಂದು ಖರ್ಜೂರವೃಕ್ಷ. ಅದರ ಎರಡು ಪಕ್ಕದಲ್ಲಿ ಒಂಟೆಯನ್ನು ಮೆಟ್ಟಿ ನಿಂತ ಎರಡು ಸಿಂಹಗಳು. ಅಂಚಿನುದ್ದಕ್ಕೂ ಒಂದು ಬರಹವಿದೆ. ಅದು ಲ್ಯಾಟಿನ್ ಅಲ್ಲ, ಅರಬ್ಬಿ! ಸಿಸಿಲಿ ದ್ವೀಪದ ಪಲೆರ್ಮೊ ನಗರದ ರಾಜಕಾರ್ಯಾಗಾರದಲ್ಲಿ, ಹಿಜರಿ 528ರಲ್ಲಿ, ಎಂದರೆ ಕ್ರಿ.ಶ. 1133-34ರಲ್ಲಿ, ದೊರೆ ಎರಡನೆಯ ರೋಜರನಿಗಾಗಿ ಅದು ಸಿದ್ಧವಾಯಿತು. ಅವನ ಮಗಳು ಕಾನ್‌ಸ್ಟೆನ್ಸ್ ಚಕ್ರವರ್ತಿ ಆರನೆಯ ಹೆನ್ರಿಯ ಕೈಹಿಡಿದ ಕಾರಣದಿಂದ ಅದು ಸಾಮ್ರಾಜ್ಯದ ಸೊತ್ತಾಯಿತು. ಹಿಜರಿ ಶಕದ ವರ್ಷವನ್ನು ಹೊತ್ತ ಆ ಬಟ್ಟೆಯನ್ನು ಹೊದ್ದು ಮುಂದೆ ಶತಮಾನಗಳ ಕಾಲ ಕ್ರೈಸ್ತ ಚಕ್ರವರ್ತಿಗಳು ಪಟ್ಟವೇರಿದರು. ಅದಕ್ಕಾಗಿ ಅವರ ಧರ್ಮಕ್ಕೆ ಕುಂದುಂಟಾಯಿತೆಂದು ಯಾರೂ ಬಗೆದಂತೆ ಕಾಣುವುದಿಲ್ಲ.

ಇಷ್ಟು ಬೆಲೆಬಾಳುವ ಕಿರೀಟ, ನಿಲುವಂಗಿಗಳಿದ್ದರೂ, ಮಧ್ಯಯುಗದ ಜನ ಈ ಸಂಗ್ರಹದಲ್ಲಿ ಎಲ್ಲಕ್ಕಿಂತ ಮೇಲೆಂದು ಎಣಿಸಿದ್ದು ಬೇರೊಂದನ್ನು. ಅದು ಸುಮಾರು ಅರ್ಧ ಮೀಟರ್ ಉದ್ದದ, ಮುರಿದ, ಕಬ್ಬಿಣದ ಒಂದು ಭರ್ಜಿಯ ಮೊನೆ. ಅದರ ಅಲಗನ್ನು ನಡುವೆ ಕೊರೆದು ಒಂದು ಕಬ್ಬಿಣದ ಕಡ್ಡಿಯನ್ನು ಸೇರಿಸಿ ತಂತಿಯಿಂದ ಬಿಗಿದಿದ್ದಾರೆ. ಕ್ರಿಸ್ತನನ್ನು ಶಿಲುಬೆಗೇರಿಸಿದ ಮೊಳೆಯ ಅಂಶ ಆ ಕಡ್ಡಿಯಲ್ಲಿದೆಯೆಂಬುದು ನಂಬಿಕೆ. ಮುರಿದ ಕಡೆಗೆ ಚಕ್ರವರ್ತಿ ನಾಲ್ಕನೆಯ ಹೆನ್ರಿ ಬೆಳ್ಳಿಯ ಕವಚ ತೊಡಿಸಿದನು; 14ನೆಯ ಶತಮಾನದಲ್ಲಿ ನಾಲ್ಕನೆಯ ಚಾರ್ಲ್ಸ್ ಅದರ ಮೇಲೆ ಚಿನ್ನದ ಕವಚ ತೊಡಿಸಿದನು. ಇದನ್ನು ಪಡೆಯುವುದಕ್ಕಾಗಿ 10ನೆಯ ಶತಮಾನದ ದೊರೆ ಒಂದನೆಯ ಹೆನ್ರಿಯು ಬರ್ಗಂಡಿಯ ರುಡಾಲ್ಫನಿಗೆ ತನ್ನ ನಾಡಿನ ಒಂದು ಭಾಗವನ್ನೇ ಬಿಟ್ಟುಕೊಟ್ಟನೆಂದು ಆ ಕಾಲದ ಇತಿಹಾಸಕಾರ ಲ್ಯೂಟ್‌ಪ್ರಾಂಡ್ ಬರೆದಿದ್ದಾನೆ. ಕಬ್ಬಿಣದ ತುಂಡಿಗೆ ನೆಲವನ್ನು ಕೊಡುವುದೆ ಎಂದು ನಗುವ ಮುನ್ನ ಇನ್ನೊಂದನ್ನು ನೋಡಬೇಕು. 1024-25ರ ಸುಮಾರಿಗೆ ಎರಡನೆಯ ಕಾನ್ರಾಡನಿಗಾಗಿ ಮಾಡಿದ, ಚಿನ್ನದ ಹೊದಿಕೆಯ, ಮುತ್ತುರತ್ನಗಳಿಂದ ತುಂಬಿದ ಮಹಾಶಿಲುಬೆಯೊಂದು ಅಲ್ಲಿಯೇ ಇದೆ. ಅದರ ಒಳಗು ಟೊಳ್ಳು. ಅಡ್ಡತೋಳಿನೊಳಗೆ ಈ ಭರ್ಜಿಯನ್ನೂ ಕೆಳತೋಳಿನೊಳಗೆ ಶಿಲುಬೆಯದೆಂದು ನಂಬಲಾದ ಮರದ ಚೂರನ್ನೂ ಇಡುತ್ತಿದ್ದರು. ಅಂದರೆ, ಲೋಕ ಕಣ್ಣರಳಿಸಿ ನೋಡುವ ಆ ಚಿನ್ನದ ಶಿಲುಬೆ ಕೇವಲ ಪೆಟ್ಟಿಗೆ. ಒಳಗಿನ ಕಬ್ಬಿಣವೂ ಮರದ ಚೂರೂ ನಿಧಿ.

ಅವಶೇಷಪೂಜೆಯ ಈ ಸಂಪ್ರದಾಯವನ್ನು ನಮ್ಮವರು ತಿಳಿಯಬೇಕಾದರೆ ಸ್ವಲ್ಪ ವಿವರಣೆ ಅವಶ್ಯ. ಬೌದ್ಧರಲ್ಲಿ ಇದಕ್ಕೆ ‘ಧಾತು’ವೆಂಬ ಹೆಸರುಂಟು, ಸ್ತೂಪಗಳ ಗರ್ಭದಲ್ಲಿ ಅದನ್ನಿಟ್ಟರು. ಕ್ಯಾಥೊಲಿಕ್ ಕ್ರೈಸ್ತರಲ್ಲಿ ಸಂತರ ಮೂಳೆ, ಉಟ್ಟ ಬಟ್ಟೆ, ರಕ್ತ ಬಿದ್ದ ಮಣ್ಣು, ಇವೆಲ್ಲವೂ ಪೂಜ್ಯ. ಮೊದಲ ಹುತಾತ್ಮನಾದ ಸ್ತೇಫನನ ರಕ್ತದಿಂದ ತೊಯ್ದ ಮಣ್ಣಿರುವುದೆಂದು ನಂಬಲಾದ ಒಂದು ರತ್ನಖಚಿತ ಚೀಲ ಈ ಭಂಡಾರದಲ್ಲಿಯೇ ಇದೆ. ಸಂತನ ದೇಹವು ಹಂಚಿಹೋದಷ್ಟೂ ಅವನ ಸಾನ್ನಿಧ್ಯ ಹಬ್ಬುತ್ತದೆಂಬುದು ಅವರ ಭಾವನೆ. ವೀರಶೈವ ಸಂಪ್ರದಾಯದ ದಾರಿ ಬೇರೆ. ಲಿಂಗೈಕ್ಯನಾದ ಗುರುವಿನ ಕಾಯವನ್ನು ಹಂಚುವುದೆಂಬುದಿಲ್ಲ. ಅದು ಅಖಂಡವಾಗಿ ಸಮಾಧಿಗೆ ಸಲ್ಲುತ್ತದೆ, ಅದರ ಮೇಲೆ ಗದ್ದುಗೆಯಾಗುತ್ತದೆ. ಅಂಗದ ಮೇಲಿನ ಇಷ್ಟಲಿಂಗವೂ ಧರಿಸಿದವನೊಡನೆಯೇ ಹೋಗುತ್ತದೆ. ಆದುದರಿಂದ ನಮ್ಮಲ್ಲಿ ಅತ್ಯಂತ ಪವಿತ್ರವಾದ ವಸ್ತುವು ಭಂಡಾರ ಸೇರುವ ಪ್ರಸಂಗವೇ ಒದಗದು. ಮಠಗಳಲ್ಲಿ ಉಳಿದುಬರುವುದು ಪಾದುಕೆ, ಬೆತ್ತಗಳಂತಹ ವಸ್ತುಗಳು. ಅವುಗಳ ಮುಂದೆ ತಲೆಬಾಗುವ ಭಕ್ತನಿಗೆ ವಿಯೆನ್ನಾದ ಭರ್ಜಿಯ ಮುಂದೆ ಮೊಣಕಾಲೂರಿದ ಹಳೆಯ ಕಾಲದ ರೈತನ ಮನಸ್ಸು ಅಪರಿಚಿತವೆನಿಸಲಾರದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಿದ್ವಾಂಸರು ಪರೀಕ್ಷಿಸಿದ ಮೇಲೆ ಈ ಭರ್ಜಿ 8ನೆಯ ಶತಮಾನದ ಕೆಲಸವೆಂದು ನಿರ್ಣಯವಾಗಿದೆ. ಕ್ರಿಸ್ತನ ಕಾಲಕ್ಕೆ ಅದು ಸೇರದು. ಹಾಗಾದರೆ ಸಾವಿರ ವರ್ಷದ ಭಕ್ತಿಯೆಲ್ಲ ವ್ಯರ್ಥವೆ? ಭಂಡಾರದ ಮತ್ತೊಂದು ವಸ್ತುವನ್ನು ಕುರಿತೂ ಹೀಗೆಯೇ ಕೇಳಬಹುದು. 243 ಸೆಂಟಿಮೀಟರ್ ಉದ್ದದ ಒಂದು ತಿರುಚಿದ ಕೊಂಬು ಅಲ್ಲಿದೆ. 1540ರಲ್ಲಿ ಪೋಲೆಂಡಿನ ದೊರೆ ಅದನ್ನು ಒಂದನೆಯ ಫರ್ಡಿನಾಂಡನಿಗೆ ಕಾಣಿಕೆಯಿತ್ತಾಗ ಅದು ಏಕಶೃಂಗವೆಂಬ ದಿವ್ಯಮೃಗದ ಕೊಂಬೆಂದೇ ಎಲ್ಲರ ನಂಬಿಕೆ. 1564ರಲ್ಲಿ ಫರ್ಡಿನಾಂಡನ ಮಕ್ಕಳು ಅದನ್ನೂ ಅಗೇಟ್ ಶಿಲೆಯ ಒಂದು ಮಹಾಪಾತ್ರೆಯನ್ನೂ ಎಂದಿಗೂ ಪರಭಾರೆ ಮಾಡಕೂಡದ ವಂಶದ ಸೊತ್ತೆಂದು ನಿರ್ಧರಿಸಿದರು. 1638ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಓಲೆ ವರ್ಮ್ ಇಂತಹ ಕೊಂಬುಗಳೆಲ್ಲ ಉತ್ತರ ಸಮುದ್ರದ ನಾರ್ವಾಲ್ ಎಂಬ ತಿಮಿಂಗಿಲಜಾತಿಯ ಪ್ರಾಣಿಯ ಹಲ್ಲುಗಳೆಂದು ತೋರಿಸಿಕೊಟ್ಟನು. ಕೊಂಬಿನ ಕಥೆ ಅಲ್ಲಿಗೆ ಮುಗಿಯಿತು. ಅದೀಗ ವಿನೋದದ ವಸ್ತು. ಭರ್ಜಿಯ ವಿಷಯ ಹಾಗಲ್ಲ. ಅದರ ಮುಂದೆ ಮಾಡಿದ ಪ್ರಾರ್ಥನೆಗಳು, ತೊಟ್ಟ ಪ್ರತಿಜ್ಞೆಗಳು, ಹೂಡಿದ ಯುದ್ಧಗಳು ನಿಜವಾಗಿ ನಡೆದವು. ಲೋಹದ ವಯಸ್ಸು ಸುಳ್ಳಾದರೂ ಇತಿಹಾಸದ ಮೇಲೆ ಅದು ಮಾಡಿದ ಕೆಲಸ ಸುಳ್ಳಲ್ಲ.

ಆ ಕೆಲಸ ಯಾವಾಗಲೂ ಒಳ್ಳೆಯದೇ ಆಗಿದ್ದಿತೆಂದೂ ಹೇಳಲಾಗದು. 1424ರಲ್ಲಿ ದೊರೆ ಸಿಗಿಸ್ಮಂಡನು ಈ ಲಾಂಛನಗಳ ಬಹುಭಾಗವನ್ನು ನ್ಯೂರೆಂಬರ್ಗ್ ನಗರದ ವಶಕ್ಕೆ ಕೊಟ್ಟನು. ಅಲ್ಲಿ ವರ್ಷಕ್ಕೊಮ್ಮೆ ಪೇಟೆಯ ಚೌಕದಲ್ಲಿ ಅಟ್ಟಣೆ ಕಟ್ಟಿ ಅವಶೇಷಗಳನ್ನು ಜನಕ್ಕೆ ತೋರಿಸುತ್ತಿದ್ದರು. ದೂರದೂರದಿಂದ ಜನ ಜಾತ್ರೆಯಂತೆ ನೆರೆಯುತ್ತಿದ್ದರು. 1525ರಲ್ಲಿ ನಗರವು ಲೂಥರನ ಮತವನ್ನು ಅಂಗೀಕರಿಸಿತು. ಅವಶೇಷಪೂಜೆ ಅವರಿಗೆ ನಿಷಿದ್ಧವಾಯಿತು, ದರ್ಶನ ನಿಂತಿತು. ಆದರೂ ಪೆಟ್ಟಿಗೆಯನ್ನು ಮಾತ್ರ ಅವರು 1796ರವರೆಗೆ ಬಿಟ್ಟುಕೊಡಲಿಲ್ಲ! ಫ್ರೆಂಚ್ ಸೇನೆಯ ಭಯದಿಂದ ಹೊರಸಾಗಿಸಿದ ಆ ಲಾಂಛನಗಳು 1800ರಲ್ಲಿ ವಿಯೆನ್ನಾ ಸೇರಿದವು. 1806ರಲ್ಲಿ ಆ ಸಾಮ್ರಾಜ್ಯವೇ ಅಳಿಯಿತು. ಅಲ್ಲಿಂದ ಮುಂದೆ ಕಿರೀಟವನ್ನು ತೊಡುವ ತಲೆಯಿಲ್ಲ, ಭರ್ಜಿಯನ್ನು ಮುಂದಿಟ್ಟು ನಡೆಯುವ ಮೆರವಣಿಗೆಯಿಲ್ಲ.

ಹೀಗೆ ಬರಿದಾದ ವಸ್ತುವಿನೊಳಗೆ ಹೊಸ ಅರ್ಥವನ್ನು ತುಂಬಲು ಹೊಂಚುವವರು ಹುಟ್ಟುತ್ತಾರೆ. 1938ರಲ್ಲಿ ಆಸ್ಟ್ರಿಯಾವನ್ನು ನುಂಗಿದ ಹಿಟ್ಲರನು ಇವೆಲ್ಲವನ್ನೂ ತನ್ನ ಪಕ್ಷದ ಮಹಾಸಭೆಗಳು ನಡೆಯುತ್ತಿದ್ದ ನ್ಯೂರೆಂಬರ್ಗಿಗೆ ಸಾಗಿಸಿದನು. ಹಳೆಯ ಚಕ್ರವರ್ತಿಗಳ ಉತ್ತರಾಧಿಕಾರಿ ತಾನೆಂದು ಲೋಕಕ್ಕೆ ಸಾರುವುದು ಅದರ ಉದ್ದೇಶ. ಯುದ್ಧ ಬಿಗಡಾಯಿಸಿದಾಗ ನಗರದ ಕೆಳಗಿನ ಬಂಡೆಗಳಲ್ಲಿ ಕೊರೆದ ನೆಲಮಾಳಿಗೆಯಲ್ಲಿ ಅವನ್ನು ಬಚ್ಚಿಟ್ಟರು. 1945ರಲ್ಲಿ ಅಮೆರಿಕದ ಸೇನೆ ಆ ನೆಲಮಾಳಿಗೆಯನ್ನು ತೆರೆದಾಗ ಕಿರೀಟ, ರಾಜದಂಡ, ಖಡ್ಗಗಳು ಅಲ್ಲಿರಲಿಲ್ಲ. ಸೇನೆಯಲ್ಲಿದ್ದ ಕಲಾ ಇತಿಹಾಸದ ವಿದ್ವಾಂಸ ವಾಲ್ಟರ್ ಹಾರ್ನ್ ನಗರದ ಅಧಿಕಾರಿಗಳನ್ನು ಬಿಡದೆ ವಿಚಾರಿಸಿ, ಗೋಡೆಯೊಂದರ ಹಿಂದೆ ಅಡಗಿಸಿದ್ದ ಅವನ್ನು ಹೊರತೆಗೆಸಿದನು. 1946ರಲ್ಲಿ ಎಲ್ಲವೂ ವಿಯೆನ್ನಾಕ್ಕೆ ಮರಳಿದವು. ಕಲ್ಲಿನ ಬೆಲೆ ಬಲ್ಲ ಕಾವಲುಗಾರರು ಎಲ್ಲೆಡೆಯೂ ಸಿಕ್ಕಾರು. ಈ ವಸ್ತುಗಳನ್ನು ಕಾಪಾಡಿದ್ದು ಅವುಗಳ ಅರ್ಥವನ್ನು ಬಲ್ಲ ಒಬ್ಬ ಉಪಾಧ್ಯಾಯ. ಹಾರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕನಾಗಿದ್ದವನು.

ಭಂಡಾರವನ್ನು ನೋಡಹೋದವರು ಕೊನೆಯಲ್ಲಿ ಒಂದು ಪುಸ್ತಕದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಅದು ಪಟ್ಟಾಭಿಷೇಕದ ಸುವಾರ್ತಾಗ್ರಂಥ. 8ನೆಯ ಶತಮಾನದ ಅಂತ್ಯಕ್ಕೆ ಸೇರಿದ್ದು. ನೇರಳೆಬಣ್ಣ ಹಾಕಿದ ಚರ್ಮದ ಹಾಳೆಗಳ ಮೇಲೆ ಬರೆದದ್ದು. 1000ನೆಯ ಇಸವಿಯಲ್ಲಿ ಮೂರನೆಯ ಆಟೊ ಚಕ್ರವರ್ತಿಯು ಶಾರ್ಲಮೇನನ ಸಮಾಧಿಯನ್ನು ತೆರೆಸಿದಾಗ ಅವನ ತೊಡೆಯ ಮೇಲೆ ಇದು ಇದ್ದಿತೆಂದು ಐತಿಹ್ಯ. ಪಟ್ಟವೇರುವ ದೊರೆಯು ಯೋಹಾನನ ಸುವಾರ್ತೆಯ ಮೊದಲ ಪುಟದ ಮೇಲೆ ಬೆರಳಿಟ್ಟು ಪ್ರಮಾಣ ಮಾಡಬೇಕಾಗಿದ್ದಿತು. 1500ರ ಸುಮಾರಿಗೆ ಆಖೆನ್ ನಗರದ ಅಕ್ಕಸಾಲಿಗ ಹಾನ್ಸ್ ಫಾನ್ ರಾಯ್ಟ್‌ಲಿಂಗೆನ್ ಇದಕ್ಕೆ ಹೊಸ ಹೊದಿಕೆಯನ್ನು ಮಾಡಿದನು. ಅದರ ಮೇಲೆ ದೇವರು ಸಿಂಹಾಸನದಲ್ಲಿ ಕುಳಿತಿದ್ದಾನೆ. ಅವನ ತಲೆಯ ಮೇಲೂ ಒಂದು ಕಿರೀಟವಿದೆ.