ಬಾವಿಯ ಈಜು ಕಡಲಿಗೆ ಸಾಲದು

ಕಂಬಂ ಕಣಿವೆಗೆ ರಜೆ ಕಳೆಯಲು ಬರುವ ಮಕ್ಕಳೇ, ಸುರುಳಿ ಜಲಪಾತ, ಮೇಘಮಲೆ, ದ್ರಾಕ್ಷಿ ತೋಟ ಎಲ್ಲ ನೋಡಿಯಾದ ಮೇಲೆ ನಿಮ್ಮ ಗುಂಪಿನಲ್ಲೊಬ್ಬರು ‘ಒಂದು ದಿನ ರಾಮೇಶ್ವರಕ್ಕೆ ಹೋಗಿ ಕಡಲು ನೋಡಿ ಬರೋಣ’ ಎಂದು ಶುರು ಮಾಡುತ್ತಾರೆ. ಧಾರಾಳವಾಗಿ ಹೋಗಿ ಬನ್ನಿ. ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡಿಕೊಂಡು ಇಲ್ಲೇ ಬಾಳಿದ ಕಪ್ಪಿಲಿಯರ ಮನೆಯ ಹಿರಿಯನಾಗಿ ನಾಲ್ಕು ಮಾತು ಹೇಳುತ್ತೇನೆ, ಕಿವಿಯಲ್ಲಿಟ್ಟುಕೊಂಡು ಹೊರಡಿ.

ಮೊದಲು ದೂರದ ಲೆಕ್ಕ ಹಾಕಿ. ಕಂಬಂನಿಂದ ತೇನಿ, ಮಧುರೈ, ರಾಮನಾಥಪುರ ದಾಟಿ ರಾಮೇಶ್ವರ ಮುಟ್ಟಲು ಸುಮಾರು 290 ಕಿ.ಮೀ. ಹೋಗಿ ಬರುವುದು ಆರುನೂರರ ಹತ್ತಿರ. ರಾತ್ರಿಯಿಡೀ ಕಾರು ಓಡಿಸಿ, ಹಗಲೆಲ್ಲ ಬಿಸಿಲಲ್ಲಿ ಕುಣಿದು, ಮತ್ತೆ ರಾತ್ರಿ ಅದೇ ಹುಡುಗ ಸ್ಟೇರಿಂಗ್ ಹಿಡಿಯಕೂಡದು. ‘ನಿದ್ದೆ ಬರ್ತಿದೆ ಕಣೋ’ ಎಂದು ಗೆಳೆಯರೆದುರು ಹೇಳಲು ನಾಚಿಕೆಪಡಬೇಡಿ. ಬಾಡಿಗೆ ವ್ಯಾನ್ ಮಾಡಿದರೆ ಡ್ರೈವರಿಗೂ ಹಗಲು ನಾಲ್ಕು ಗಂಟೆ ಮಲಗಲು ಬಿಡಿ. ಮಧುರೈಯಿಂದ ರೈಲೂ ಇದೆ. 1914ರ ಹಳೆಯ ಪಾಂಬನ್ ಸೇತುವೆಯ ಪಕ್ಕದಲ್ಲೇ 2025ರ ಏಪ್ರಿಲ್‌ನಲ್ಲಿ ಹೊಸ ಸೇತುವೆ ತೆರೆದ ಮೇಲೆ ರೈಲು ಮತ್ತೆ ರಾಮೇಶ್ವರ ದ್ವೀಪಕ್ಕೆ ಹೋಗುತ್ತಿದೆ.

ಖರ್ಚಿನ ಮಾತನ್ನು ಹೊರಡುವ ಮೊದಲೇ ಆಡಿ ಮುಗಿಸಿ. ಗುಂಪಿನಲ್ಲಿ ಕೈ ಬಿಗಿ ಇರುವವನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ನಿಭಾಯಿಸಲು ಆಗುವಷ್ಟೇ ಎಲ್ಲರ ಖರ್ಚಾಗಲಿ.

ಇನ್ನು ನೀರಿನ ವಿಷಯ. ನಮ್ಮ ಕಡೆಯ ಹುಡುಗರು ಬಾವಿಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರು. ನೀವು ಬೆಂಗಳೂರಿನ ಈಜುಕೊಳದಲ್ಲಿ ಕಲಿತಿರಬಹುದು. ಕಡಲಿನ ರೀತಿಯೇ ಬೇರೆ. ಅಲೆ ದಡಕ್ಕೆ ತಂದ ನೀರು ಕಿರಿದಾದ ಜಾಡು ಹಿಡಿದು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಎರಡೂ ಬದಿಯಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಸುಮ್ಮನಿರುವಂತೆ ಕಂಡರೆ ಸೆಳೆತ ಇರುವುದು ಬಹುಮಟ್ಟಿಗೆ ಅಲ್ಲೇ. ಹೊಸಬರು ಇಳಿಯುವುದೂ ಅಲ್ಲೇ. ಸಿಕ್ಕಿಕೊಂಡರೆ ದಡದತ್ತ ನೇರವಾಗಿ ಈಜಿ ಸುಸ್ತಾಗಬೇಡಿ. ತೇಲುತ್ತ ಕೈಯೆತ್ತಿ ಕೂಗಿ, ದಡದುದ್ದಕ್ಕೆ ಪಕ್ಕಕ್ಕೆ ಸರಿಯಿರಿ, ಸೆಳೆತ ಸಡಿಲವಾದ ಮೇಲೆ ದಡಕ್ಕೆ ತಿರುಗಿ. ಗೆಳೆಯ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಮತ್ತಿಬ್ಬರು ಹೋಗುವುದು ಹೀಗೆಯೇ. ಹಗ್ಗ, ಖಾಲಿ ಕ್ಯಾನ್, ಟ್ಯೂಬ್ ಏನಾದರೂ ಎಸೆಯಿರಿ, ಮೀನುಗಾರರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಕುಡಿದವನನ್ನಂತೂ ನೀರಿನ ಹತ್ತಿರ ಬಿಡಲೇಬೇಡಿ.

ದ್ವೀಪದ ತುದಿಯ ಧನುಷ್ಕೋಟಿಯಲ್ಲಿ ಒಂದು ಬದಿಗೆ ಪಾಕ್ ಜಲಸಂಧಿಯ ನೀರು, ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿ. ಶಾಂತವಾದ ಮೊದಲನೆಯದನ್ನು ಅಲ್ಲಿಯವರು ಹೆಣ್ಣು ಕಡಲು ಎನ್ನುತ್ತಾರೆ, ಅಬ್ಬರಿಸುವ ಎರಡನೆಯದು ಗಂಡು ಕಡಲು. ಎರಡೂ ಕೂಡುವ ಅರಿಚಲ್ ಮುನೈಯನ್ನು ಕಣ್ಣಿನಿಂದ ನೋಡಿ ಸಾಕು, ಇಳಿಯಬೇಡಿ. ಮೀಯುವ ಆಸೆಯಿದ್ದರೆ ರಾಮನಾಥಸ್ವಾಮಿ ಗುಡಿಯ ಮುಂದೆ ಅಗ್ನಿತೀರ್ಥವಿದೆ, ಒಳಗೆ 22 ತೀರ್ಥಗಳಿವೆ. ಒದ್ದೆ ಬಟ್ಟೆಯಲ್ಲಿ ದರ್ಶನಕ್ಕೆ ಬಿಡುವುದಿಲ್ಲ, ಒಣಬಟ್ಟೆ ಒಯ್ಯಿರಿ.

ಧನುಷ್ಕೋಟಿಯ ಪಾಳುಗೋಡೆಗಳ ಮುಂದೆ ಕೇಕೆ ಹಾಕಿ ವಿಡಿಯೊ ಮಾಡುವವರನ್ನು ಕಂಡರೆ ನನಗೆ ಸಂಕಟ. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತ ಆ ಊರನ್ನೇ ಅಳಿಸಿತು. ಪಾಂಬನ್ನಿನಿಂದ ಹೊರಟ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರೊಂದಿಗೆ ನೀರುಪಾಲಾಯಿತು. ಚರ್ಚು, ರೈಲ್ವೆ ನಿಲ್ದಾಣದ ಗೋಡೆಗಳು ಅದೇ ದುರಂತದ ಕುರುಹಾಗಿ ಉಳಿದಿವೆ. ಸಾವಿನ ಮನೆಗೆ ಹೋದಾಗ ಇರುವಂತೆ ಅಲ್ಲಿ ಇರಿ. ಮರಳಲ್ಲಿ ಹರಡಿದ ಬಲೆ ತುಳಿಯಬೇಡಿ, ಅದು ಒಂದು ಸಂಸಾರದ ಅನ್ನ. ಹವಳದ ತುಂಡು ಜೇಬಿಗಿಳಿಸಬೇಡಿ, ಕಾನೂನಿನಲ್ಲಿ ಅದು ಅಪರಾಧ.

ದಾರಿಯಲ್ಲಿ ವೈಗೈ ನದಿ ಕಂಡರೆ ಒಂದು ಮಾತು ನೆನೆಯಿರಿ. ಪಡುವಣ ಕಡಲಿಗೆ ಹೋಗುತ್ತಿದ್ದ ಪೆರಿಯಾರ್ ನದಿಯ ನೀರನ್ನು ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ 1895ರಲ್ಲಿ ಅಣೆಕಟ್ಟು ಕಟ್ಟಿ, ಬೆಟ್ಟ ಕೊರೆದು ನಮ್ಮ ಕಣಿವೆಗೆ ತಿರುಗಿಸಿದ. ಆ ನೀರು ವೈಗೈಯನ್ನು ಸೇರುತ್ತದೆ. ನದಿಯ ಕೊನೆಗಿರುವ ರಾಮನಾಥಪುರದ ದೊಡ್ಡ ಕೆರೆ ವೈಗೈ ನೀರಿಗೇ ಕಾಯುತ್ತದೆ. ಸೇತುವೆಯ ಮೇಲಿಂದ ಬಾಟಲಿ ಎಸೆಯುವ ಕೈಯನ್ನು ನೀವೇ ತಡೆಯಿರಿ.

ನಿಮ್ಮಲ್ಲೊಬ್ಬರು ಹೊಣೆ ಹೊತ್ತು, ನಿಂತ ಕಡೆಯೆಲ್ಲ ತಲೆ ಎಣಿಸಲಿ. ‘ಬೇಡ’ ಎಂದ ಗೆಳತಿಯನ್ನೂ ಗೆಳೆಯನನ್ನೂ ನೀರಿಗೆ ಎಳೆಯಬೇಡಿ. ಹೋದಷ್ಟೂ ಜನ ತಿರುಗಿ ಬನ್ನಿ, ಮನೆ ಮುಟ್ಟಿದೊಡನೆ ಹೆತ್ತವರಿಗೊಂದು ಫೋನ್ ಮಾಡಿ. ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ.