ಬಿಡಿಭಾಗದ ಲ್ಯಾಪ್‌ಟಾಪು ಬೆಲೆಗೆ ತಕ್ಕುದೆ?

ನೇಗಿಲಿನ ಗುಳ ಸವೆದರೆ ರೈತನು ಗುಳವನ್ನಷ್ಟೆ ಬದಲಿಸುತ್ತಾನೆ. ನೇಗಿಲನ್ನು ತಿಪ್ಪೆಗೆ ಎಸೆಯುವುದಿಲ್ಲ. ವಿದ್ಯಾರ್ಥಿಯ ನೇಗಿಲಾದ ಲ್ಯಾಪ್‌ಟಾಪಿಗೆ ಈ ನ್ಯಾಯವೇಕೆ ಸಲ್ಲದು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಾಯಿಯವರು ಚನ್ನಗಿರಿಯ ಸುತ್ತಿನಲ್ಲಿ ಅಡಿಕೆ ಸುಲಿದು ಕೂಡಿಟ್ಟ ಹಣದಿಂದ ನನಗೊಂದು ಲ್ಯಾಪ್‌ಟಾಪು ಬಂದಿತು. ಎರಡನೆಯ ವರ್ಷದಲ್ಲಿಯೇ ಅದರ ಮೆಮೊರಿ ಕೆಟ್ಟಿತು. ರಿಪೇರಿಯವರು ಬಿಚ್ಚಿ ನೋಡಿ, “ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ, ಇಡೀ ಬೋರ್ಡು ಬದಲಿಸಬೇಕು” ಎಂದರು. ಅದರ ವೆಚ್ಚ ಲ್ಯಾಪ್‌ಟಾಪಿನ ಅರ್ಧ ಬೆಲೆಯನ್ನೂ ಮೀರಿತ್ತು. “ಇದಕ್ಕೆ ಬಿಡಿ ಸಾಮಾನು ಸಿಗೋದಿಲ್ವೇನಪ್ಪಾ?” ಎಂದು ತಾಯಿಯವರು ಕೇಳಿದರು.

ಸಿಗುವಂತೆ ಮಾಡಿದವರೂ ಉಂಟು. ಅಮೆರಿಕದ ಫ್ರೇಮ್‌ವರ್ಕ್ ಕಂಪನಿಯು 2021ರಲ್ಲಿ ಹೊರತಂದ ಲ್ಯಾಪ್‌ಟಾಪನ್ನು ಬಳಸುವವನೇ ಒಂದು ಸ್ಕ್ರೂಡ್ರೈವರಿನಿಂದ ಬಿಚ್ಚಬಹುದು. ಬ್ಯಾಟರಿ, ಕೀಲಿಮಣೆ, ಪರದೆ, ಮೆಮೊರಿಗಳನ್ನು ಬೇರೆ ಬೇರೆಯಾಗಿ ಬದಲಿಸಬಹುದು. ಮುಂದಿನ ವರ್ಷಗಳಲ್ಲಿ ಬಂದ ಹೊಸ ಪ್ರೊಸೆಸರಿನ ಬೋರ್ಡುಗಳೂ ಆ ಹಳೆಯ ಮೈಯಲ್ಲಿಯೇ ಕೂಡುತ್ತವೆ. ಆದರೆ ಅದೇ ಶಕ್ತಿಯ ಸಾಮಾನ್ಯ ಲ್ಯಾಪ್‌ಟಾಪಿಗಿಂತ ಬೆಲೆ ಹೆಚ್ಚು.

ಈ ಹೆಚ್ಚಿನ ಹಣ ಮರಳಿ ಬರುವುದೆ? ಒಂದು ಲೆಕ್ಕ ಹಾಕೋಣ. ಸಾಮಾನ್ಯ ಲ್ಯಾಪ್‌ಟಾಪಿಗೆ 45,000 ರೂಪಾಯಿ, ಬಿಡಿಭಾಗದ್ದಕ್ಕೆ 90,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಮೂರು ವರ್ಷಕ್ಕೊಂದರಂತೆ ಆರು ವರ್ಷಕ್ಕೆ ಸಾಮಾನ್ಯವಾದುದನ್ನು ಎರಡು ಸಲ ಕೊಂಡರೂ 90,000ವೇ ಆಯಿತು. ಬಿಡಿಭಾಗದ್ದಕ್ಕಾದರೋ, ಮೊದಲ ಬೆಲೆಯ ಮೇಲೆ ಬ್ಯಾಟರಿ, ಬೋರ್ಡುಗಳ ಖರ್ಚು ಸೇರುತ್ತದೆ. ಬೋರ್ಡೇ ಎಲ್ಲಕ್ಕಿಂತ ದುಬಾರಿಯಾದ ಭಾಗ. ಬೋರ್ಡನ್ನು ಮುಟ್ಟದೆ, ಸವೆದುದನ್ನಷ್ಟೆ ಬದಲಿಸುತ್ತ ಎಂಟು-ಹತ್ತು ವರ್ಷ ದುಡಿಸಿಕೊಳ್ಳುವವನಿಗೆ ಮಾತ್ರ ಲಾಭವುಂಟು. ಅಷ್ಟು ಹಣವನ್ನು ಒಮ್ಮೆಗೇ ತರುವ ಶಕ್ತಿಯೂ ಬೇಕು. ಆ ಕಂಪನಿಯೂ ಅಷ್ಟು ಕಾಲ ಬಾಳಬೇಕು. ಅದರ ಬಿಡಿಭಾಗಗಳನ್ನು ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಅಂಗಡಿಗಳಲ್ಲಿ ನಾನಂತೂ ಕಂಡಿಲ್ಲ.

ಆದುದರಿಂದ ನಮ್ಮಂಥವರಿಗೆ ಆ ಬೆಲೆ ಸಲ್ಲದು; ಆದರೆ ಆ ಗುಣವನ್ನು ಬಿಡಬಾರದು. ಅದು ಕಡಮೆ ಬೆಲೆಯಲ್ಲಿಯೂ ದೊರೆಯುತ್ತದೆ. ಕಚೇರಿಗಳಲ್ಲಿ ಬಳಸಿ ಮಾರಿದ ಲ್ಯಾಪ್‌ಟಾಪುಗಳು ಹಲವು ಸುಲಭವಾಗಿ ಬಿಚ್ಚಲು ಬರುತ್ತವೆ. ಸಹಪಾಠಿಗಳೆ, ಕೊಳ್ಳುವ ಮೊದಲು ಮೂರು ಮಾತು ಕೇಳಿರಿ: ಮೆಮೊರಿ ಬೆಸೆದುದೋ, ಬಿಚ್ಚುವಂಥದೋ? ಬ್ಯಾಟರಿ ಬಿಡಿಯಾಗಿ ಸಿಗುವುದೆ? ಹತ್ತಿರದಲ್ಲಿ ರಿಪೇರಿ ಮಾಡುವವರು ಇದ್ದಾರೆಯೆ?

ರಿಪೇರಿಯ ಹಕ್ಕಿನ ವಿಚಾರಕ್ಕಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ಒಂದು ಸಮಿತಿಯನ್ನು ರಚಿಸಿತು. ಮೊಬೈಲುಗಳ ಜೊತೆಗೆ ಕೃಷಿ ಉಪಕರಣಗಳೂ ಅದರ ವ್ಯಾಪ್ತಿಗೆ ಸೇರಿದುವು. ರೈತನ ಪ್ರಶ್ನೆಯೂ ವಿದ್ಯಾರ್ಥಿಯ ಪ್ರಶ್ನೆಯೂ ಒಂದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾನೀಗ ಬಳಸುತ್ತಿರುವುದು ಅಂಥದೊಂದು ಹಳೆಯ ಲ್ಯಾಪ್‌ಟಾಪು. ಮೊನ್ನೆ ಅದಕ್ಕೆ ನಾನೇ ಮೆಮೊರಿ ಹಾಕಿದೆನು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ತಾಯಿಯವರು, “ಗುಳ ಹಾಕಿದಂಗಾತು ಬಿಡು” ಎಂದರು.